ಪುಟ್ಟಿ, ಕೋಟು ಬಸ್ಸಿನಲ್ಲಿ ಬಿಟ್ಟು ಇಳಿಯಬೇಡಿ

ಪುಟ್ಟಿ, ನಾನು ದೊಡ್ಡಮ್ಮ. ಟೈಪ್ ಮಾಡೋಕೆ ಕಣ್ಣು ಸಾಲುವುದಿಲ್ಲ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ, ಉದ್ದ ಆಯಿತು ಅಂತ ಯಾರೂ ಗೊಣಗಬೇಡಿ. ಬೆಳಿಗ್ಗೆ ನೀನು ಕೇಳಿದ್ದೆ ಅಲ್ವಾ, ಅಪ್ಪ ಅಮ್ಮ ಮ್ಯಾಂಚೆಸ್ಟರಿಗೆ ಬರುತ್ತಿದ್ದಾರೆ, ಇಂಗ್ಲೆಂಡಿನ ಬೆಟ್ಟ, ಸರೋವರದ ಸೀಮೆ ಲೇಕ್ ಡಿಸ್ಟ್ರಿಕ್ಟಿಗೆ ಒಂದು ದಿನದ ಮಿನಿಬಸ್ ಟೂರ್ ಬುಕ್ ಮಾಡಿದ್ದೇನೆ, ಎಲ್ಲಾ ಗುಡ್ಡದ ರಸ್ತೆಯಂತೆ, ಅಮ್ಮನಿಗೆ ಘಾಟಿಯಲ್ಲಿ ವಾಂತಿ ಆಗುತ್ತದೆ, ಕ್ಯಾನ್ಸಲ್ ಮಾಡಲಾ ಅಂತ. ಬೇಡ ಮಾರಾಯ್ತಿ, ಹೋಗಿ ಬನ್ನಿ. ಆದರೆ ಒಂದು ಮಾತು. ಬಸ್ಸಿನಿಂದ ಇಳಿಯುವಾಗ ಕೋಟು ಸೀಟಿನ ಮೇಲೆ ಬಿಟ್ಟು ಇಳಿಯಬೇಡಿ. ಚುರುಚುರು ಬಿಸಿಲಿದ್ದರೂ ಬಿಡಬೇಡಿ.

ಮಾಣಿ ಅಲ್ಲಿದ್ದಾಗ ನಾವು ಹೋಗಿದ್ದು ನಿಮಗೆಲ್ಲ ಗೊತ್ತೇ ಇದೆ. ನಾನು, ದೊಡ್ಡಪ್ಪ, ಕೊಪ್ಪದ ಅತ್ತಿಗೆ, ಭಾವ. ಮೇ ತಿಂಗಳು. ವಿಂಡರ್ಮಿಯರ್ ಸ್ಟೇಷನ್ನಿನ ಹತ್ತಿರ ಹತ್ತಿಸಿಕೊಂಡರು, 16 ಸೀಟಿನ ಬಸ್ಸು, ಡ್ರೈವರೇ ಗೈಡು. ಓಡಿಸುತ್ತಾ ಮೈಕಿನಲ್ಲಿ ಹೇಳುತ್ತಲೇ ಇದ್ದ. ವಿಂಡರ್ಮಿಯರ್ ಇಂಗ್ಲೆಂಡಿನಲ್ಲೇ ದೊಡ್ಡ ಸರೋವರ, ಸುಮಾರು 17 ಕಿಲೋಮೀಟರ್ ಉದ್ದ, ಆದರೆ ಈ ಸೀಮೆಯ ಸರೋವರಗಳಲ್ಲಿ ಹೆಸರಲ್ಲೇ ಲೇಕ್ ಅಂತ ಇರುವುದು ಬ್ಯಾಸೆನ್‌ಥ್ವೇಟ್ ಒಂದಕ್ಕೇ, ಉಳಿದದ್ದಕ್ಕೆಲ್ಲ ಮಿಯರ್, ವಾಟರ್, ಟಾರ್ನ್ ಅಂತಾರಂತೆ. ನಮ್ಮಲ್ಲಿ ಕೆರೆ, ಕಟ್ಟೆ, ಕೊಳ ಇಲ್ವಾ, ಹಾಗೆ. ಆಮೇಲೆ ಸೀಥ್‌ವೇಟ್ ಅಂತ ಒಂದು ಹಳ್ಳಿಯ ಹೆಸರು ಹೇಳಿ, ಇಂಗ್ಲೆಂಡಿನಲ್ಲಿ ಜನ ಇರುವ ಊರುಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಮಳೆ ಅಲ್ಲೇ, ವರ್ಷಕ್ಕೆ 3,500 ಮಿಲಿಮೀಟರ್ ಅಂದ. ನನಗೆ ನಗು ತಡೆಯಲಿಲ್ಲ. ನಮ್ಮ ಆಗುಂಬೆಯಲ್ಲಿ 7,000 ದಾಟುತ್ತದೆ ಅಂತ ಮಾಣಿಯ ಕೈಲಿ ಹೇಳಿಸಿದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಆ ಜಂಬವೇ ನನಗೆ ಮುಳುವಾಯಿತು.

ಕೆಸಿಕ್ ಪೇಟೆಯ ಹತ್ತಿರ ಕ್ಯಾಸಲ್‌ರಿಗ್ ಅಂತ ಒಂದು ಜಾಗ. ಗುಡ್ಡದ ಮೇಲಿನ ಬಯಲಿನಲ್ಲಿ ಸುತ್ತಲೂ ನೆಟ್ಟ ಕಲ್ಲುಗಳು, 38 ಇವೆ, ಹತ್ತಿರ ಹತ್ತಿರ 5,000 ವರ್ಷ ಹಳೆಯವು. ಯಾರು ಯಾಕೆ ನೆಟ್ಟರೋ. ಸುತ್ತ ನಾಲ್ಕೂ ದಿಕ್ಕಿಗೆ ಬೆಟ್ಟ, ಕಣ್ಣಿಗೆ ಹಬ್ಬ ಬಿಡು. ಬಿಸಿಲಿತ್ತು. ಡ್ರೈವರ್ ಕೋಟು ತಗೊಳ್ಳಿ ಅಂದ, ದೊಡ್ಡಪ್ಪ ಅಂದರು, ಅತ್ತಿಗೆ ಕೂಡ ಅಂದಳು. ಆಗುಂಬೆಯ ನೀರು ಕುಡಿದವಳಿಗೆ ಇವರೇನು ಹೇಳುವುದು ಅಂತ ಕಾಟನ್ ಸೀರೆ, ಒಂದು ತೆಳು ಸ್ವೆಟರಿನಲ್ಲಿ ಇಳಿದೆ. ಫೋನು, ಬಿಪಿ ಮಾತ್ರೆ ಎಲ್ಲ ಕೋಟಿನ ಜೇಬಲ್ಲೇ.

ಹತ್ತು ನಿಮಿಷ ಆಗಿರಲಿಲ್ಲ. ನಮ್ಮ ಮಳೆ ಮೇಲಿನಿಂದ ಬೀಳುತ್ತದೆ ಪುಟ್ಟಿ, ಕೊಡೆ ಹಿಡಿಯಬಹುದು. ಅದು ಪಕ್ಕದಿಂದ ಬಂತು. ಐಸಿನ ಹಾಗೆ ತಣ್ಣಗೆ, ಗಾಳಿ ಬೇರೆ. ಆ ಬಯಲಿನಲ್ಲಿ ನಿಲ್ಲಲು ಒಂದು ಸೂರಿಲ್ಲ. ಎಲ್ಲರೂ ಓಡಿದರು, ನನ್ನ ಸೀರೆ ಕಾಲಿಗೆ ಸುತ್ತಿಕೊಂಡು ಒಂದೊಂದೇ ಹೆಜ್ಜೆ. ಅಲ್ಲೇ ಹರ್ಡ್‌ವಿಕ್ ಕುರಿಗಳು ಆರಾಮಾಗಿ ಮೇಯುತ್ತಿದ್ದವು. ಅವು ಹುಟ್ಟುವಾಗ ಕಪ್ಪು, ವಯಸ್ಸಾದ ಹಾಗೆ ಬೂದು, ನಮ್ಮ ತಲೆಯ ಹಾಗೇ. ಆ ಕುರಿಗಳಿಗಿರುವ ಬುದ್ಧಿ ನನಗಿರಲಿಲ್ಲ, ಅವು ಕೋಟು ಮೈಮೇಲೇ ಇಟ್ಟುಕೊಂಡಿದ್ದವು. ನಾನು ಬಸ್ಸು ಮುಟ್ಟುವ ಹೊತ್ತಿಗೆ ಹಲ್ಲು ಕಟಕಟ. ಡ್ರೈವರ್ ಪಾಪ, ಕಸದ ಕಪ್ಪು ಚೀಲಕ್ಕೆ ತೂತು ಮಾಡಿ ನನ್ನ ತಲೆಗೆ ಹಾಕಿದ, ಒದ್ದೆ ಸೀಟಿಗೆ ತಾಗಬಾರದಲ್ಲ. ಡರ್ವೆಂಟ್‌ವಾಟರ್, ಬಟರ್ಮಿಯರ್ ಎಲ್ಲ ನಾನು ನೋಡಿದ್ದು ಮಂಜು ಹಿಡಿದ ಕಿಟಕಿಯಲ್ಲೇ. ಆಮೇಲೆ ಮೂರು ದಿನ ಜ್ವರ. ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಕೋಟು ಬಿಟ್ಟು ಇಳಿಯಬೇಡಿ. ಅಮ್ಮ ಸೆಖೆ ಅಂದರೂ ಕೇಳಬೇಡ, ಅವಳೂ ನನ್ನ ತಂಗಿಯೇ ತಾನೇ.

ಆ ಚೀಲದ ಫೋಟೋ ಭಾವ ತೆಗೆದಿದ್ದು. ಪ್ರತಿ ವರ್ಷ ನನ್ನ ಹುಟ್ಟಿದ ಹಬ್ಬಕ್ಕೆ ಈ ಗ್ರೂಪಿಗೆ ಅದೇ ಬರುತ್ತದೆ, ನೀವೆಲ್ಲ ನಗುವ ಮುಖ ಹಾಕುತ್ತೀರಿ. ಹಾಕಿ, ನನಗೂ ನಗು ಬರುತ್ತದೆ. ಆದರೆ ಹೋದ ವರ್ಷ ಎರಡು ಕಾರು ಮಾಡಿಕೊಂಡು ಮಡಿಕೇರಿಗೆ ಹೋದಿರಿ, ನನಗೆ ಹೇಳಿದ್ದು ಹಿಂದಿನ ರಾತ್ರಿ. ದೊಡ್ಡಮ್ಮನಿಗೆ ಮಳೆ ಆಗಿ ಬರಲ್ಲ ಅಂತ ಯಾರೋ ಅಂದರಂತೆ. ತೀರ್ಥಹಳ್ಳಿಯಲ್ಲಿ ಹುಟ್ಟಿದವಳಿಗೆ ಮಳೆ ಆಗಿ ಬರಲ್ಲವಾ? ಒಂದು ಸಲ ಕೋಟು ಮರೆತೆ, ಅಷ್ಟೇ. ಅದೇ ಟೂರಿನಲ್ಲಿ ಗ್ರಾಸ್ಮಿಯರ್ ಅಂತ ಒಂದು ಹಳ್ಳಿ, ಅಲ್ಲಿ ಜಿಂಜರ್‌ಬ್ರೆಡ್, ಅಂದರೆ ಶುಂಠಿ ಹಾಕಿದ ಸಿಹಿ ಬಿಸ್ಕತ್ತಿನಂಥದ್ದು, ಅದರ ಅಂಗಡಿ ಇದೆ, ಚರ್ಚಿನ ಪಕ್ಕ, ಗುಬ್ಬಿ ಗೂಡಿನಷ್ಟು ಚಿಕ್ಕದು, 1854ರಿಂದ ಮಾಡುತ್ತಿದ್ದಾರೆ. ನಡುಗುತ್ತಾ ಕ್ಯೂ ನಿಂತು ನಿಮಗೆಲ್ಲ ಅಂತ ನಾಲ್ಕು ಪ್ಯಾಕೆಟ್ ತಂದೆ. ಊರಿಗೆ ಬಂದಿದ್ದು ಒಂದು. ಉಳಿದದ್ದು ಎಲ್ಲಿ ಹೋಯಿತು ಅಂತ ಭಾವನನ್ನೇ ಕೇಳಿ.

ಅಯ್ಯೋ, ನೀನು ಕೇಳಿದ್ದು ವಾಂತಿ ವಿಷಯ ಅಲ್ವಾ! ನೋಡು, ಟೂರಿನವರಿಗೆ ಈಗಲೇ ಮೇಲ್ ಹಾಕಿ ಅಮ್ಮನಿಗೆ ಮುಂದಿನ ಸೀಟು ಕೇಳು, ಅವತ್ತು ಬೆಳಿಗ್ಗೆ ಕೇಳಿದರೆ ಸಿಗುವುದಿಲ್ಲ. ಅಲ್ಲಿ ಎತ್ತರ ಏನೂ ಇಲ್ಲ, ಪಾಸ್ ಅಂದರೆ ನಮ್ಮ ಘಾಟಿಯ ಹಾಗೆ, ಕರ್ಕ್‌ಸ್ಟೋನ್ ಪಾಸ್ 454 ಮೀಟರ್, ಆಗುಂಬೆಗಿಂತ ತಗ್ಗು. ಆದರೆ ಹಾನಿಸ್ಟರ್ ಪಾಸ್ ತುಂಬ ಕಡಿದು, ನಾಲ್ಕಡಿ ಮುಂದೆ ಹೋದರೆ ಒಂದಡಿ ಏರು, ರಸ್ತೆಯೂ ಕಿರಿದು. ವಾಂತಿಯ ಮಾತ್ರೆಯನ್ನು ಹೊರಡುವ ಮೊದಲೇ ತಗೊಳ್ಳಬೇಕು, ಹೊಟ್ಟೆ ತೊಳೆಸಿದ ಮೇಲಲ್ಲ. ಅವಳ ಬಿಪಿ ಮಾತ್ರೆಯ ಜೊತೆ ಯಾವುದು ಆಗುತ್ತದೆ ಅಂತ ಡಾಕ್ಟರನ್ನು ಕೇಳಿಯೇ ಕೊಡು. ಬೆಳಿಗ್ಗೆ ಎರಡು ಇಡ್ಲಿ ಸಾಕು, ಪುಳಿಯೋಗರೆ ಬೇಡವೇ ಬೇಡ. ಬಸ್ಸಿನಲ್ಲಿ ಫೋನ್ ನೋಡಲು ಬಿಡಬೇಡ, ದೂರದ ಬೆಟ್ಟ ನೋಡಲಿ. ನೇರ ರೈಲು ಸಿಗದಿದ್ದರೆ ಆಕ್ಸೆನ್‌ಹೋಮಿನಲ್ಲಿ ಇಳಿದು ವಿಂಡರ್ಮಿಯರಿನ ಚಿಕ್ಕ ರೈಲು ಹತ್ತಬೇಕು, ಒಂದು ತಪ್ಪಿದರೆ ಬಸ್ಸು ಕಾಯುವುದಿಲ್ಲ, ಅದಕ್ಕೆ ಮೊದಲಿನ ರೈಲಿಗೇ ಹೊರಡಿ.

ಹಾಂ, ಜಿಂಜರ್‌ಬ್ರೆಡ್ ನನಗೆ ಎರಡು ಪ್ಯಾಕೆಟ್. ನಿನ್ನ ಬ್ಯಾಗಿನಲ್ಲೇ ಇಟ್ಟುಕೋ. ಭಾವ ಇದೇ ಗ್ರೂಪಿನಲ್ಲಿದ್ದಾರೆ, ಕೇಳಿಸಿಕೊಳ್ಳಲಿ.