ಕಲ್ಲು ಕೆತ್ತೋದು ಕಲಿತರೆ ಮನುಷ್ಯ ಸುಧಾರಿಸುತ್ತಾನಾ? ಅನುಭವ ಇದ್ದವರು ಹೇಳಿ

ಲೆಕ್ಕದವ: ವಯಸ್ಸು 36, ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸ. ಕೋಪ ಜಾಸ್ತಿ, ಯಾವುದರಲ್ಲೂ ಮನಸ್ಸು ನಿಲ್ಲಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಶಿಲ್ಪಿಗಳು ಕೆಲಸ ಮಾಡೋದು ನೋಡಿ ಬಂದಾಗಿನಿಂದ ಅದೇ ಧ್ಯಾನ. ಕೆಲಸ ಬಿಟ್ಟು ಒಂದೂವರೆ ವರ್ಷ ಕಲಿಯೋಣ ಅಂತಿದ್ದೇನೆ. ಹೆಂಡತಿಗೆ ಇಷ್ಟ ಇಲ್ಲ, ಮನೆ ಸಾಲ ಇದೆ. ಇದರಿಂದ ತಾಳ್ಮೆ, ಒಳ್ಳೆ ಗುಣ ಬರುತ್ತಾ?

ಟೆರೇಸ್ ಶಿಲ್ಪಿ: ನಾನು ಭಾನುವಾರದ ಶಿಲ್ಪಿ. ಮೊದಲು ಖರ್ಚು ಕೇಳಿ. ಎಚ್.ಡಿ. ಕೋಟೆ ಕಡೆಯ ಕೃಷ್ಣಶಿಲೆ, ಅಂದರೆ ಮೂರ್ತಿ ಕೆತ್ತೋ ಕಪ್ಪು ಕಲ್ಲು, ಒಂದೂವರೆ ಅಡಿ ಎತ್ತರ, ಮುಕ್ಕಾಲು ಅಡಿ ಅಗಲದ ತುಂಡು. ಕಲ್ಲಿಗೆ 3,800. ಅದನ್ನು ತಂದ ಟೆಂಪೋಗೆ 5,500! ಮೂರನೇ ಮಹಡಿಗೆ ಹೊತ್ತವರಿಗೆ 1,200, ಮೇಲೆ ಊಟ. ನಾಲ್ಕಿಂಚಿನ ಗ್ರೈಂಡರ್ 3,400. ಡೈಮಂಡ್ ಬ್ಲೇಡ್ 350ರಿಂದ ಶುರು, ಕಡ್ಲೆಪುರಿ ಥರ ಖಾಲಿಯಾಗುತ್ತೆ. ಗಣಪತಿಯ ಸೊಂಡಿಲು ಮುಗಿಯೋ ಹೊತ್ತಿಗೆ ಟಪ್ ಅಂತ ಮುರಿಯಿತು. ಅರಾಲ್ಡೈಟ್ ಹಾಕಿ ಅಂಟಿಸಿದೆ. ಭಿನ್ನವಾದ ಮೂರ್ತಿ ಮನೆಯೊಳಗೆ ಬರಬಾರದು ಅಂತ ಅತ್ತೆ ಹಟ ಹಿಡಿದರು. ಈಗ ಅದು ನೀರಿನ ಟ್ಯಾಂಕ್ ಪಕ್ಕ ಇದೆ. ಸದ್ದಿಗೆ ಅಪಾರ್ಟ್‌ಮೆಂಟ್ ಸಂಘದವರು ಎರಡು ನೋಟಿಸ್ ಕೊಟ್ಟರು. ಆದರೂ ಹೇಳ್ತೀನಿ, ನನ್ನ ಬಿಪಿ ಇಳಿದಿದೆ. ಧೈರ್ಯವಾಗಿ ಸೇರಿಕೊಳ್ಳಿ.

ಮಾಲೂರು ಹುಡುಗ: ಬಿಪಿ ಇಳಿಯಿತಂತೆ! ನಮ್ಮಪ್ಪ ಹತ್ತನೇ ವಯಸ್ಸಿಗೆ ಉಳಿ ಹಿಡಿದವರು. ಗ್ರಾನೈಟ್ ಕೆಲಸ, ಒಣ ಗ್ರೈಂಡಿಂಗ್, ಮೂಗಿಗೆ ಟವಲ್. ಕೆಮ್ಮು ಶುರುವಾದಾಗ ಟಿಬಿ ಅಂದರು. ಆರು ತಿಂಗಳು ಮಾತ್ರೆ ನುಂಗಿಸಿದರು. ಆಮೇಲೆ ಇನ್ನೊಂದು ಕಡೆ ಸಿಟಿ ಸ್ಕ್ಯಾನ್, 4,500. ಸಿಲಿಕೋಸಿಸ್, ಕಲ್ಲಿನ ಧೂಳು ಕುಡಿದು ಬರೋ ಕಾಯಿಲೆ. ಅದಕ್ಕೆ ವಾಸಿ ಅನ್ನೋದೇ ಇಲ್ಲ, ಶ್ವಾಸಕೋಶಕ್ಕೆ ಹಿಡಿದದ್ದು ಹಿಂದೆ ಹೋಗಲ್ಲ. ಆಕ್ಸಿಜನ್ ಮೆಷಿನ್ ಬಾಡಿಗೆ ತಿಂಗಳಿಗೆ 5,000, ಕರೆಂಟ್ ಬಿಲ್ ಬೇರೆ. ಇನ್ನು ಗುಣದ ಮಾತು. ಅಪ್ಪ ಕುಡೀತಿದ್ದರು, ಅಮ್ಮನಿಗೆ ಬೈತಿದ್ದರು. ಅವರು ಮಾಡಿದ ವೇಣುಗೋಪಾಲನ ಬೆರಳು ನೋಡಿದರೆ ಮಾತ್ರ ಕೊಳಲಿನ ಮೇಲೆ ಈಗ ಆಡುತ್ತೆ ಅನ್ನಿಸಬೇಕು. ಕೈ ಒಳ್ಳೇದಾದರೆ ಮನುಷ್ಯ ಒಳ್ಳೆಯವನಾಗ್ತಾನೆ ಅಂತ ಯಾರು ಹೇಳಿದ್ದು ನಿಮಗೆ?

ಕಾರ್ಕಳದವ: ಅಪ್ಪನ ವಿಷಯ ಕೇಳಿ ಬೇಜಾರಾಯ್ತು ಮಾರಾಯ್ರೆ. ಆದರೆ ಅದು ಧೂಳಿನ ತಪ್ಪು, ವಿದ್ಯೆಯದ್ದಲ್ಲ. ನಾನು ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ಬಂದವ. ನಮ್ಮ ಗುರುಗಳು ಮೂರ್ತಿ ಮುಟ್ಟಲಿಕ್ಕೇ ಬಿಡಲಿಲ್ಲ. ಮೊದಲು ಕಲ್ಲಿನ ಮೇಲೆ ನೇರ ಗೆರೆ, ಆಮೇಲೆ ತಾವರೆ ಎಸಳು, ಬಳ್ಳಿ. ಜತೆಗೆ ಕಾಗದದ ಮೇಲೆ ತಾಳಮಾನ, ಅಂದರೆ ಮೂರ್ತಿಯ ಅಳತೆಯ ಲೆಕ್ಕ. ಮುಖದ ಉದ್ದ ಒಂದು ತಾಳ, ನವತಾಳದ ಮೂರ್ತಿಗೆ ಅದರ ಒಂಬತ್ತರಷ್ಟು ಎತ್ತರ. ಉಳಿಯನ್ನು ಓರೆ ಹಿಡಿಯಬೇಕು. ಸಿಟ್ಟಲ್ಲಿ ನೆಟ್ಟಗೆ ಗುದ್ದಿದರೆ ಕಲ್ಲಿಗೆ ಒಳಪೆಟ್ಟು. ಆಗ ಏನೂ ಕಾಣಲ್ಲ. ಪಾಲಿಶ್ ಮಾಡುವಾಗ ಕಪ್ಪು ಕಲ್ಲಲ್ಲಿ ಬಿಳಿ ಮಚ್ಚೆ ಏಳ್ತದೆ, ದೇವಿಯ ಕೆನ್ನೆಯ ಮೇಲೇ. ಉಜ್ಜಿದಷ್ಟೂ ಇರ್ತದೆ. ಹಾಗೆ ಒಂದು ಆರ್ಡರ್ ಹೋಯ್ತು ನನಗೆ. ಮುಂಗಡ 40,000 ವಾಪಸ್, ಕಲ್ಲು 22,000 ಮಣ್ಣುಪಾಲು. ಆವತ್ತಿನಿಂದ ಸಿಟ್ಟು ಬಂದರೆ ಸುತ್ತಿಗೆ ಕೆಳಗಿಟ್ಟು ಚಾ ಕುಡೀತೇನೆ. ಜಕಣಾಚಾರಿ ಕತೆ ಗೊತ್ತಲ್ಲ? ಬೇಲೂರಲ್ಲಿ ಕಲ್ಲೊಳಗೆ ಕಪ್ಪೆ ಸಿಕ್ಕಿ ಮಗ ಹೇಳಿದ್ದೇ ಸರಿ ಅಂತಾದಾಗ ತನ್ನ ಬಲಗೈಯನ್ನೇ ಕಡಿದುಕೊಂಡ. ಅಂಥ ವಿನಯ ಕಲ್ಲು ಕಲಿಸ್ತದೆ.

ಶಾಸನ ಓದುವವ: ಕೈ ಕಡಿದುಕೊಳ್ಳೋದು ವಿನಯ ಹೇಗಾಗುತ್ತೆ ಸಾರ್? ಸೋಲು ತಡೆಯಲಾಗದ ಅಹಂಕಾರ ಅದು. ಜಕಣಾಚಾರಿ ದಂತಕತೆ, ಶಾಸನದ ಆಧಾರ ಇಲ್ಲ. ಬೇಲೂರಲ್ಲಿ ನಿಜವಾಗಿ ಕೆತ್ತಿದವರು ಮೂರ್ತಿಗಳ ಕೆಳಗೆ ಹೆಸರು ಹಾಕಿಕೊಂಡಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಬರೀ ಹೆಸರಲ್ಲ, ಉಳಿದ ರೂವಾರಿಗಳನ್ನು (ಶಿಲ್ಪಿಗಳನ್ನು) ಹಣಿಯುವವನು ಅನ್ನೋ ಅರ್ಥದ ಬಿರುದುಗಳೂ ಇವೆ. ಶಿಲ್ಪಿ ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲಿ ಎಷ್ಟು ಕಡೆ ಇದೆ ಹೋಗಿ ನೋಡಿ. ಶಿಲ್ಪಿಗಳಿಗೆ ಜಂಬ ಇತ್ತು, ಇರಬೇಕಾದ್ದೇ.

ಕಾರ್ಕಳದವ: ಒಂದು ದಿನ ಉಳಿ ಹಿಡಿದಿದ್ದೀರಾ ನೀವು? ಇಲ್ಲ ಅಲ್ವಾ. ಕೈಯಲ್ಲಿ ಗುಳ್ಳೆ ಎದ್ದ ಮೇಲೆ ಬಂದು ಮಾತಾಡಿ.

ಶಾಸನ ಓದುವವ: ಸಿಟ್ಟು ಬಂದರೆ ಚಾ ಕುಡೀತೀರಿ ಅಂದಿರಿ. ಕುಡಿದು ಬನ್ನಿ.

ಲೆಕ್ಕದವ: ಜಗಳ ಬೇಡ ಸಾರ್. ಹೊಟ್ಟೆಪಾಡಿನ ಬಗ್ಗೆ ಯಾರಾದರೂ ಹೇಳ್ತೀರಾ?

ಬಿಡದಿ ಅಕ್ಕ: ನಾನು ಹೇಳ್ತೀನಿ. ನಮ್ಮ ಬ್ಯಾಚಿನಲ್ಲಿ ಹುಡುಗಿ ಅಂತ ಇದ್ದದ್ದು ನಾನೊಬ್ಬಳೇ. ಗರ್ಭಗುಡಿಯ ಮೂರ್ತಿ ಹೆಂಗಸು ಮಾಡ್ತಾಳಾ ಅಂತ ಎರಡು ಊರಿನವರು ಆರ್ಡರ್ ವಾಪಸ್ ತಗೊಂಡರು. ಈಗ ತುಳಸಿಕಟ್ಟೆ, ದೀಪದ ಕಂಬ, ಹೋಟೆಲ್‌ಗೆ ಬುದ್ಧ. ಬುದ್ಧ ಇಲ್ಲದಿದ್ದರೆ ನಾನು ಉಪವಾಸ. ಕೈಕಸುಬಿನವರಿಗೆ ಅಂತ ಕೇಂದ್ರದ ವಿಶ್ವಕರ್ಮ ಯೋಜನೆ 2023ರಲ್ಲಿ ಬಂತಲ್ಲ, ಅದರಲ್ಲಿ ಉಪಕರಣಕ್ಕೆ 15,000 ಇದೆ. ನನಗೆ ಗ್ರೈಂಡರ್, ಉಳಿ ಸೆಟ್‌ಗೇ ಮುಗೀತು. ಕಂಪ್ರೆಸರ್ ಕೈಯಿಂದ ಹಾಕಿದ್ದು, 38,000.

ಮಾಲೂರು ಹುಡುಗ: ಆ 15,000ಕ್ಕೂ ಈಗ ಆಫೀಸಿನವರು ಕ್ಯೂ ನಿಲ್ತಾರೆ ನೋಡಿ. ಮನಶ್ಶಾಂತಿ ನಿಮಗೆ, ಧೂಳು ನಮಗೆ.

ಬಿಡದಿ ಅಕ್ಕ: ನಾನೂ ನಿಮ್ಮ ಶಿಲ್ಪಿಗಳ ಕುಲದವಳಲ್ಲ ತಮ್ಮಾ. ನನಗೂ ಆ ದುಡ್ಡು ಬರಬಾರದಿತ್ತಾ? ಧೂಳು ನನ್ನ ಜಾತಿ ಕೇಳಿ ಮೂಗಿಗೆ ಹೋಗಲ್ಲ.

ಮಾಲೂರು ಹುಡುಗ: ನಿಮಗೆ ಹೇಳಿದ್ದಲ್ಲ ಅಕ್ಕಾ. ನೀವು ಅದರಲ್ಲೇ ದುಡಿದು ತಿನ್ನೋರು. ನಾನಂದದ್ದು ಹವ್ಯಾಸದವರಿಗೆ.

ಟೆರೇಸ್ ಶಿಲ್ಪಿ: ಹವ್ಯಾಸದವರು ಅಂದರೆ ನಾನೇ ತಾನೇ? ನಿಮ್ಮೂರಲ್ಲಿ ಅರ್ಧ ಕೆಲಸ ಈಗ ಕಂಪ್ಯೂಟರ್ ನಡೆಸೋ ಸಿಎನ್‌ಸಿ ಮೆಷಿನ್ ಮಾಡುತ್ತೆ. ಮೇಲೆ ನಾಲ್ಕು ಉಳಿಪೆಟ್ಟು ಹಾಕಿ ಕೈಕೆಲಸ ಅಂತ ಮಾರ್ತೀರಿ. ನಾನು ಕೆತ್ತೋದಾದರೂ ಪೂರ್ತಿ ಕೈಯಲ್ಲಿ.

ಮಾಲೂರು ಹುಡುಗ: ಮೇಲೆ ಗ್ರೈಂಡರ್ ರೇಟು, ಬ್ಲೇಡ್ ರೇಟು ಬರೆದವರು ಯಾರು? ಮೆಷಿನ್ ಒಳಗೆ ನೀರು ಬೀಳುತ್ತೆ, ಹುಡುಗರು ಆ ಧೂಳು ಕುಡಿಯಲ್ಲ. ನಮ್ಮಪ್ಪನ ಕಾಲಕ್ಕೆ ಬಂದಿದ್ದರೆ ಅವರು ಇನ್ನೂ ಕೂತು ಮೂರ್ತಿಗಳಿಗೆ ಕಣ್ಣು ಬಿಡಿಸ್ತಿದ್ದರು. ಕಣ್ಣು ಬಿಡಿಸೋದನ್ನ ಯಾವ ಮೆಷಿನ್ನಿಗೂ ಕೊಡಲ್ಲ ನಾವು, ಅದು ತಿಳ್ಕೊಳ್ಳಿ. ಲೆಕ್ಕದ ಸಾರ್, ನೀವು ಮೆತ್ತನೆಯ ಬಳಪದ ಕಲ್ಲಲ್ಲೇ ಶುರು ಮಾಡಿ, ಗ್ರಾನೈಟ್ ಬೇಡ. ನೀರು ಹಾಕಿಕೊಂಡೇ ಉಜ್ಜಿ. ಫಿಲ್ಟರ್ ಇರೋ ಮಾಸ್ಕಿಗೆ 2,000 ಆದರೂ ಕೊಡಿ. ಟೆರೇಸ್ ಸಾರ್, ನಿಮ್ಮ ಪ್ರೊಫೈಲ್ ಫೋಟೊದಲ್ಲಿ ಮೂಗಿಗೆ ಕರ್ಚೀಫ್ ಕಟ್ಟಿ ಒಣ ಗ್ರೈಂಡಿಂಗ್ ಮಾಡ್ತಿದ್ದೀರಲ್ಲ, ಮೊದಲು ಅದನ್ನು ತೆಗೀರಿ. ಹೊಸಬರು ಅದನ್ನೇ ನೋಡಿ ಕಲಿತಾರೆ.