ಮನೆ ಎಲ್ಲಿ ಮಾಡ್ತೀರಿ ಅನ್ನೋದೇ ಅರ್ಧ ಪೆಟ್ರೋಲ್ ಬಿಲ್ಲು

ಎಲ್ಲರಿಗೂ ನಮಸ್ಕಾರ. ಡಲ್ಲಾಸ್‌ನಿಂದ ವಾಪಸ್ ಬರುವ ಯೋಚನೆಯಲ್ಲಿರುವ ದಂಪತಿ ಕೇಳಿದ ಪ್ರಶ್ನೆಗೆ ನಮ್ಮ ಹೊರನಾಡ ಕನ್ನಡಿಗರ ಗುಂಪಿನಲ್ಲಿ ಬಂದ ಉತ್ತರಗಳನ್ನೆಲ್ಲ ಓದಿದೆ. ಗಂಡ ಹೆಂಡತಿ, ಎರಡು ಮಕ್ಕಳು. ಬೆಂಗಳೂರಿನಲ್ಲಿ ತಿಂಗಳಿಗೆ ಎಷ್ಟು ಬೇಕು, ಪೆಟ್ರೋಲು ದಿನಸಿ ಎಲ್ಲ ಹೀಗೆ ಏರುತ್ತಿದ್ದರೆ ಹೇಗೆ ನಿಭಾಯಿಸ್ತೀರಿ ಅಂತ ಅವರು ಕೇಳಿದ್ದು. ಒಬ್ಬರು ಐವತ್ತು ಸಾವಿರ ಸಾಕು ಅಂದರು. ಇನ್ನೊಬ್ಬರು ಎರಡೂವರೆ ಲಕ್ಷ ಇಲ್ಲದೆ ವಿಮಾನ ಹತ್ತಲೇಬೇಡಿ ಅಂದರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮೊದಲನೆಯವರಿಗೆ ರಾಜಾಜಿನಗರದಲ್ಲಿ ಅಪ್ಪ ಕಟ್ಟಿಸಿದ ಮನೆ ಇದೆ. ಎರಡನೆಯವರು ಸರ್ಜಾಪುರ ರಸ್ತೆಯಲ್ಲಿ ಬಾಡಿಗೆಗಿದ್ದಾರೆ, ಮಕ್ಕಳ ಶಾಲೆ ಇನ್ನೊಂದು ದಿಕ್ಕು. ಅಷ್ಟೇ ವ್ಯತ್ಯಾಸ.

ನಾವು ನ್ಯೂಜೆರ್ಸಿಯಿಂದ ಬಂದು ವಿಜಯನಗರದಲ್ಲಿ ಮನೆ ಮಾಡಿದವರು. ಅತ್ತೆ ಜೊತೆಗಿದ್ದಾರೆ. ಮಗಳು ಹೈಸ್ಕೂಲು, ಮಗ ಇನ್ನೂ ಪ್ರೈಮರಿ. ನಮ್ಮನೆ ಲೆಕ್ಕ ನಿಮ್ಮನೆಗೆ ಹೊಂದಲಿಕ್ಕಿಲ್ಲ, ಆದರೂ ಬರೆಯುತ್ತೇನೆ.

ಮೊದಲು ಡಾಲರ್ ಭೂತ ಬಿಡಿಸಿಕೊಳ್ಳಿ. ಬಂದ ಹೊಸದರಲ್ಲಿ ಎಲ್ಲವನ್ನೂ ಎಂಬತ್ತರಿಂದ ಭಾಗಿಸಿ ನೋಡುವ ಚಾಳಿ ಇರುತ್ತದೆ. ಆಟೋಗೆ ಇನ್ನೂರೈವತ್ತಾ? ಮೂರು ಡಾಲರ್ ತಾನೆ, ಕೊಟ್ಟುಬಿಡೋಣ. ಬೆಣ್ಣೆಹಣ್ಣು ಒಂದಕ್ಕೆ ನೂರಾ? ಒಂದು ಡಾಲರ್ ಚಿಲ್ಲರೆ. ಸಂಬಳ ರೂಪಾಯಿಯಲ್ಲಿ ಬರಲು ಶುರುವಾದ ಮೇಲೆ ಈ ಲೆಕ್ಕ ಕೈ ಸುಡುತ್ತದೆ. ದೊಡ್ಡವರಿಗಿಂತ ಮಕ್ಕಳಿಗೆ ಇದು ಬಿಡೋದು ಕಷ್ಟ. ಅವರಿಗೆ ಇಲ್ಲಿ ಎಲ್ಲವೂ ಚೀಪ್ ಅಂತ ತಲೆಯಲ್ಲಿ ಕೂತಿರುತ್ತದೆ.

ಪೆಟ್ರೋಲ್ ವಿಷಯ ತೆಗೆದುಕೊಳ್ಳಿ. 2022ರ ಜೂನ್‌ನಲ್ಲಿ ಅಮೆರಿಕದಲ್ಲಿ ಗ್ಯಾಲನ್‌ಗೆ ಸರಾಸರಿ 5 ಡಾಲರ್ ಆದಾಗ ನಾವೆಲ್ಲ ಎಷ್ಟು ಬಾಯಿ ಬಡಿದುಕೊಂಡೆವು ನೆನಪಿದೆಯಾ? ಗ್ಯಾಲನ್ ಅಂದರೆ 3.78 ಲೀಟರ್. ಆಗಿನ ವಿನಿಮಯ ದರದಲ್ಲಿ ಅದು ಲೀಟರಿಗೆ 103 ರೂಪಾಯಿ ಆಸುಪಾಸು. ಅದೇ ತಿಂಗಳು ಬೆಂಗಳೂರಿನ ಬಂಕ್‌ನಲ್ಲಿ ಲೀಟರಿಗೆ 101.94. ಅಮೆರಿಕದವರಿಗೆ ದಾಖಲೆ ಅನ್ನಿಸಿದ ಬೆಲೆ ಇಲ್ಲಿಯವರಿಗೆ ಮಾಮೂಲಿ, ಅದೂ ಇಲ್ಲಿಯ ಸಂಬಳದಲ್ಲಿ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು, ಲೀಟರಿಗೆ ಮೂರು ರೂಪಾಯಿ ಏರಿತು. ಡೀಸೆಲ್‌ಗೆ ಆಗಲೂ ಏರಿತು, 2025ರ ಏಪ್ರಿಲ್‌ನಲ್ಲಿ ಮತ್ತೆ ಎರಡು ರೂಪಾಯಿ. ಪೆಟ್ರೋಲು, ಡೀಸೆಲ್ಲು ಜಿಎಸ್‌ಟಿ ಒಳಗಿಲ್ಲ. ಕೇಂದ್ರದ ಅಬಕಾರಿ ಸುಂಕ ಬೇರೆ, ರಾಜ್ಯದ ತೆರಿಗೆ ಬೇರೆ. ಹಾಗಾಗಿ ಕಚ್ಚಾ ತೈಲ ಇಳಿದರೂ ಬಂಕಿನ ಬೋರ್ಡು ಇಳಿಯಲೇಬೇಕು ಅಂತೇನಿಲ್ಲ.

ಡೀಸೆಲ್ ನಮ್ಮ ಕಾರಿಗೆ ಬೇಡದಿರಬಹುದು. ತರಕಾರಿ ಲಾರಿಗೆ ಬೇಕು, ಶಾಲೆ ಬಸ್ಸಿಗೆ ಬೇಕು. ಡೀಸೆಲ್ ಏರಿತು ಅಂತ ಶಾಲೆಯವರು ಬಸ್ ಫೀ ಏರಿಸಿದ್ದು ನೋಡಿದ್ದೇನೆ. ಇಳಿಸಿದ್ದು ಇದುವರೆಗೆ ನೋಡಿಲ್ಲ.

ಈಗ ನಿಜವಾದ ಮಾತಿಗೆ ಬರ್ತೀನಿ. ಬೆಂಗಳೂರಿನಲ್ಲಿ ಇಂಧನದ ಖರ್ಚು ಬಂಕ್‌ನಲ್ಲಿ ಅಲ್ಲ, ಬಾಡಿಗೆ ಕರಾರಿಗೆ ಸಹಿ ಹಾಕುವ ದಿನ ತೀರ್ಮಾನವಾಗುತ್ತದೆ. ವಾಪಸ್ ಬರುವವರು ಸಾಮಾನ್ಯವಾಗಿ ಮೊದಲು ಶಾಲೆ ಹುಡುಕುತ್ತಾರೆ, ಅಮೆರಿಕದ ಸಿಲಬಸ್ಸಿಗೆ ಹತ್ತಿರ ಇರುವ ದೊಡ್ಡ ಶಾಲೆ. ಆಮೇಲೆ ಈಜುಕೊಳ ಇರುವ ಅಪಾರ್ಟ್‌ಮೆಂಟು. ಆಫೀಸು ಎಲ್ಲೋ ಒಂದು ಕಡೆ. ಈ ಮೂರೂ ಊರಿನ ಮೂರು ಮೂಲೆಗೆ ಬಿದ್ದರೆ ಎರಡು ಕಾರು, ಒಬ್ಬ ಡ್ರೈವರ್, ಶಾಲೆ ಬಸ್ಸು ಎಲ್ಲವೂ ಬೇಕಾಗುತ್ತದೆ. ಅಲ್ಲಿಗೆ ಎರಡೂವರೆ ಲಕ್ಷ ಸಾಲದು.

ನಮ್ಮ ಯಜಮಾನರ ಆಫೀಸು ವೈಟ್‌ಫೀಲ್ಡ್ ಕಡೆ. ವಿಜಯನಗರದಿಂದ ಕಾರಿನಲ್ಲಿ ಹೋಗಿ ಬಂದರೆ ಸುಮಾರು 55 ಕಿಲೋಮೀಟರ್. ಟ್ರಾಫಿಕ್ಕಿಗೆ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್ ದಾರಿಯಲ್ಲಿ ಸಿಗದಿದ್ದರೂ ಮಾರತಹಳ್ಳಿಯ ಜಾಮ್ ಇದೆಯಲ್ಲ, ಗಾಡಿ ಲೀಟರಿಗೆ 12 ಕಿಲೋಮೀಟರ್ ಕೊಟ್ಟರೆ ಪುಣ್ಯ. ದಿನಕ್ಕೆ 470 ರೂಪಾಯಿ ಪೆಟ್ರೋಲೇ ಆಯಿತು. ಮೆಟ್ರೋದ ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ತೆರೆದ ಮೇಲೆ ಅವರು ಮೆಟ್ರೋ ಬಿಟ್ಟಿಲ್ಲ. 2025ರ ಫೆಬ್ರವರಿಯಲ್ಲಿ ಮೆಟ್ರೋ ದರವನ್ನೂ ಏರಿಸಿದರು. ಗರಿಷ್ಠ 60 ಇದ್ದದ್ದು 90 ಆಯಿತು. ಆ ವಾರ ಮನೆಯಲ್ಲಿ ಬೈಗುಳವೇ ಬೈಗುಳ. ಆದರೆ ಕೂತು ಲೆಕ್ಕ ಹಾಕಿದರೆ ಹೋಗಿ ಬರಲು 180, ಸ್ಮಾರ್ಟ್ ಕಾರ್ಡ್‌ನ ಶೇ 5 ರಿಯಾಯಿತಿ ಕಳೆದರೆ 171. ಕೆಲಸದ 22 ದಿನಕ್ಕೆ ಮೆಟ್ರೋ 3,800, ಕಾರು 10,300. ಪಾರ್ಕಿಂಗು, ಸರ್ವಿಸು, ಇನ್ಶೂರೆನ್ಸು ಇದರಲ್ಲಿ ಸೇರಿಲ್ಲ. ಬೈದುಕೊಂಡೇ ಮೆಟ್ರೋ ಹತ್ತುತ್ತಾರೆ.

ಎರಡನೇ ಕಾರು ನಾವು ತೆಗೆದುಕೊಳ್ಳಲಿಲ್ಲ. ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ. ಕರ್ನಾಟಕದ ವಿಳಾಸ ಇರುವ ಆಧಾರ್ ತೋರಿಸಿದರೆ ಸಾಕು. ವಾಪಸ್ ಬರುವ ಹೆಂಗಸರೆಲ್ಲ ಮೊದಲ ವಾರವೇ ವಿಳಾಸ ಸರಿ ಮಾಡಿಸಿಕೊಳ್ಳಿ. ದುಡ್ಡಿದ್ದವರಿಗೂ ಯಾಕೆ ಫ್ರೀ ಅಂತ ಗುಂಪಿನಲ್ಲಿ ಜಗಳ ಶುರುವಾಗೋದು ಗೊತ್ತು, ಅದನ್ನು ಇನ್ನೊಂದು ದಿನ ಆಡೋಣ. ಗಂಡಸರಿಗೆ 2025ರ ಜನವರಿಯಿಂದ ಬಸ್ ದರ ಶೇ 15 ಏರಿದೆ. ಆಟೋ ಕನಿಷ್ಠ ದರ ಅದೇ ವರ್ಷದ ಆಗಸ್ಟ್‌ನಿಂದ 2 ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18. ಇದು ಮೀಟರಿನ ಮಾತು. ಮೀಟರ್ ಹಾಕುವ ಆಟೋ ಸಿಕ್ಕಿದರೆ ನನಗೂ ತಿಳಿಸಿ.

ಮಕ್ಕಳ ಶಾಲೆ ನಡೆದು ಹೋಗುವಷ್ಟು ಹತ್ತಿರ. ದೊಡ್ಡ ಹೆಸರಿನ ಶಾಲೆಯಲ್ಲ, ಈಜುಕೊಳ ಇಲ್ಲ. ಇದಕ್ಕೆ ನೆಂಟರ ಕೈಲಿ ಮಾತು ಕೇಳಿದ್ದೂ ಆಯಿತು, ಅಮೆರಿಕದಿಂದ ಬಂದು ಇಲ್ಲಿಗಾ ಸೇರಿಸಿದ್ದು ಅಂತ. ಆದರೆ ಬೆಳಿಗ್ಗೆ ಒಂದು ಗಂಟೆ ಬಸ್ಸಿನಲ್ಲಿ ತೂಕಡಿಸುವ ಮಕ್ಕಳನ್ನು ನೋಡಿದಾಗ ನಮ್ಮದೇ ವಾಸಿ ಅನ್ನಿಸುತ್ತದೆ. ಬಸ್ ಫೀ ಉಳಿದದ್ದು ಲಾಭದ ಮೇಲಿನ ಲಾಭ.

ಇನ್ನು ದಿನಸಿ. ಇದರಲ್ಲಿ ಯಾರ ಕೈಲೂ ತಪ್ಪಿಸಿಕೊಳ್ಳಲು ಆಗಲ್ಲ.

ನಂದಿನಿ ನೀಲಿ ಪ್ಯಾಕೆಟ್ ಒಂದು ಲೀಟರಿಗೆ 42 ಇತ್ತು. 2024ರ ಜೂನ್‌ನಲ್ಲಿ 50 ಎಂಎಲ್ ಹಾಲು ಜಾಸ್ತಿ ಹಾಕಿ 44 ಮಾಡಿದರು. 2025ರ ಏಪ್ರಿಲ್‌ನಲ್ಲಿ ಆ 50 ಎಂಎಲ್ ವಾಪಸ್ ತೆಗೆದು 46 ಮಾಡಿದರು. ಕೊಟ್ಟ ಹಾಗೆ ಮಾಡಿ ಕಿತ್ತುಕೊಂಡರು ಅಂತ ಅತ್ತೆ ಇವತ್ತಿಗೂ ಬೂತಿನವನ ಹತ್ತಿರ ಹೇಳ್ತಾರೆ, ಪಾಪ ಅವನೇನು ಮಾಡ್ತಾನೆ. ಹಸು ಸಾಕುವವರಿಗೂ ಹಿಂಡಿ, ಬೂಸಾ ಏರಿದೆ ಅನ್ನುವುದು ನಿಜ. ತುಪ್ಪದ ಕತೆ ಇನ್ನೂ ಮಜಾ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು, ನಂದಿನಿ ತುಪ್ಪ 650ರಿಂದ 610 ಆಯಿತು. ಹಬ್ಬಕ್ಕೆ ಅಗ್ಗ ಅಂತ ಖುಷಿಪಟ್ಟೆವು. ನವೆಂಬರ್‌ನಲ್ಲಿ 700.

ಕಾಫಿಪುಡಿ ಕೇಳಲೇಬೇಡಿ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವುದು ಕರ್ನಾಟಕದಲ್ಲಿ. ಆದರೂ ಬ್ರೆಜಿಲ್, ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟು ಪ್ರಪಂಚದ ದರ ಹಾರಿದಾಗ ನಮ್ಮ ಬೀದಿಯ ಕಾಫಿಪುಡಿ ಅಂಗಡಿಯಲ್ಲೂ ಬೋರ್ಡು ಬದಲಾಯಿತು. ಚಿಕೋರಿ ಜಾಸ್ತಿ ಹಾಕಿಸಿದರೆ ಅಗ್ಗ. ಅದಕ್ಕೆ ನಮ್ಮನೆಯಲ್ಲಿ ಯಾರೂ ಒಪ್ಪಿಲ್ಲ. ಕುಡಿಯುವ ಸಲ ಕಡಿಮೆಯಾಗಿದೆ, ಡಿಕಾಕ್ಷನ್ ಮಾತ್ರ ಮೊದಲಿನಷ್ಟೇ ಗಟ್ಟಿ.

ನಾನು ಇಲ್ಲಿ ಕಲಿತದ್ದು ಅತ್ತೆಯಿಂದ. ಅವರು ಬೆಲೆ ನೋಡಿ ಅಡುಗೆ ಮಾಡುವವರು. ಅಲ್ಲಿ ನಾನು ವಾರದ ಅಡುಗೆ ಮೊದಲೇ ಬರೆದಿಟ್ಟು ಅದಕ್ಕೆ ತಕ್ಕ ಸಾಮಾನು ತರುತ್ತಿದ್ದೆ. ಅವರದು ಉಲ್ಟಾ. ಮಾರ್ಕೆಟ್ಟಿನಲ್ಲಿ ಏನು ಅಗ್ಗವೋ ಅದೇ ಆ ದಿನದ ಅಡುಗೆ. 2023ರ ಜುಲೈನಲ್ಲಿ ಟೊಮೇಟೊ ಕಿಲೋಗೆ ನೂರು ದಾಟಿದಾಗ ನಮ್ಮನೆಗೆ ಟೊಮೇಟೊ ಬರಲೇ ಇಲ್ಲ. ಹುಣಸೆಹಣ್ಣಿನ ಸಾರು, ನಿಂಬೆಹಣ್ಣಿನ ಸಾರು, ಗೊಜ್ಜು ನಡೆಯಿತು. 2025ರಲ್ಲಿ ತೆಂಗಿನಕಾಯಿ ದುಬಾರಿಯಾಯಿತು, ಆಗ ಕಾಯಿ ಚಟ್ನಿ ಹೋಗಿ ಹುರಿಗಡಲೆ ಚಟ್ನಿ, ಶೇಂಗಾ ಚಟ್ನಿ ಬಂತು. ಚಳಿಗಾಲದಲ್ಲಿ ಅವರೆಕಾಯಿ ಬಂದರೆ ಉಪ್ಪಿಟ್ಟಿಗೂ ಅವರೆಕಾಳು, ಸಾರಿಗೂ ಅವರೆಕಾಳು, ರೊಟ್ಟಿಗೂ ಅದೇ. ಮಕ್ಕಳು ಮುಖ ಸಿಂಡರಿಸುತ್ತಾರೆ, ತಿನ್ನುತ್ತಾರೆ.

ಶನಿವಾರ ಬೆಳಿಗ್ಗೆ ಮಗಳನ್ನು ಮಾರ್ಕೆಟ್ಟಿಗೆ ಕರೆದುಕೊಂಡು ಹೋಗುತ್ತೇನೆ. ಕೈಯಲ್ಲಿ ಐನೂರು ರೂಪಾಯಿ ಕೊಟ್ಟು, ವಾರದ ತರಕಾರಿ ಇದರಲ್ಲೇ ಬರಬೇಕು ಅಂತ ಹೇಳುವುದು. ಮೊದಮೊದಲು ಅವಳು ಮೊದಲ ಅಂಗಡಿಯಲ್ಲೇ ಮುಗಿಸಿಬಿಡುತ್ತಿದ್ದಳು. ಈಗ ಒಂದು ಸುತ್ತು ಸುಮ್ನೆ ನಡೆದು ದರ ಕೇಳಿಕೊಂಡು ಬರುತ್ತಾಳೆ. ಹುರುಳಿಕಾಯಿಯನ್ನು ಪಟಕ್ಕಂತ ಮುರಿದು ನೋಡುತ್ತಾಳೆ, ನಾರು ಬಂದರೆ ಬುಟ್ಟಿಗೆ ವಾಪಸ್. ಮೊನ್ನೆ ಸೊಪ್ಪಿನ ಅಜ್ಜಿ ದಂಟಿನ ಸೊಪ್ಪು ಕಟ್ಟಿಗೆ ಮೂವತ್ತು ಅಂದರು. ಇವಳು, “ಅಜ್ಜಿ, ಐವತ್ತಕ್ಕೆ ಎರಡು ಕೊಡಿ” ಅಂದಳು. ಅಜ್ಜಿ ಅವಳ ಉಚ್ಚಾರಣೆ ಕೇಳಿ ನಕ್ಕು, “ಯಾವೂರವ್ವಾ ನಿಂದು?” ಅಂದರು. “ವಿಜಯನಗರ” ಅಂದಳು ಗಟ್ಟಿಯಾಗಿ. ಐವತ್ತಕ್ಕೇ ಸಿಕ್ಕಿತು, ಕೊಸರಿಗೆ ಒಂದಿಷ್ಟು ಕರಿಬೇವೂ ಬಂತು. ಸೊಪ್ಪಿನವರ ಹತ್ತಿರ ಹತ್ತು ರೂಪಾಯಿಗೆ ಚೌಕಾಸಿ ಮಾಡಬೇಕಾ ಅಂತ ನೀವು ಕೇಳಬಹುದು. ನನಗೂ ಅದು ಪೂರ್ತಿ ಇಷ್ಟವಿಲ್ಲ. ಉಳಿದ ಚಿಲ್ಲರೆಯಲ್ಲಿ ಅವರ ಹತ್ತಿರವೇ ಇನ್ನೊಂದು ಕಟ್ಟು ಕೊತ್ತಂಬರಿ ತಗೋ ಅಂತ ಹೇಳಿಕೊಟ್ಟಿದ್ದೇನೆ.

ಶನಿವಾರದ ಕನ್ನಡ ಕ್ಲಾಸಿಗೆ ಮಕ್ಕಳನ್ನು ದಬ್ಬಿಕೊಂಡು ಹೋಗುವ ಅಮೆರಿಕದ ತಾಯಂದಿರಿಗೆ ಇದನ್ನು ಹೇಳಲೇಬೇಕು ಅನ್ನಿಸಿತು. ಕಾಲು ಕಿಲೋ, ಅರ್ಧ ಕಿಲೋ, ಮುಕ್ಕಾಲು, ಒಂದೂಕಾಲು ಇವೆಲ್ಲ ಮಗಳಿಗೆ ಬಂದದ್ದು ತಕ್ಕಡಿ ಮುಂದೆ.

ಬೆಲೆ ಏರಿಕೆಗಿಂತ ಜಾಸ್ತಿ ದುಡ್ಡು ತಿನ್ನುವುದು ಹತ್ತು ನಿಮಿಷದಲ್ಲಿ ತಂದುಕೊಡುವ ಆ್ಯಪುಗಳು ಅಂತ ನನ್ನ ಗಟ್ಟಿ ಅಭಿಪ್ರಾಯ. ಒಂದು ಕಟ್ಟು ಪುದೀನಕ್ಕೆ ಶುರುವಾದ ಆರ್ಡರು ಡೆಲಿವರಿ ಫ್ರೀ ಆಗಲಿ ಅಂತ ಚಿಪ್ಸು, ಐಸ್‌ಕ್ರೀಮು ಸೇರಿ ಮುನ್ನೂರು ಆಗುತ್ತದೆ. ಮಗ ನನ್ನ ಫೋನಿನಲ್ಲಿ ಇದನ್ನು ಕಣ್ಣುಮುಚ್ಚಿ ಮಾಡಬಲ್ಲ. ಆ ಆ್ಯಪು ಈಗ ಅತ್ತೆಯ ಫೋನಿನಲ್ಲಿ ಮಾತ್ರ ಇದೆ. ಅವರನ್ನು ಒಪ್ಪಿಸುವುದು ಅಷ್ಟು ಸುಲಭವಲ್ಲ. ಬೇಳೆ, ಅಕ್ಕಿ, ಎಣ್ಣೆಗೆ ತಿಂಗಳಿಗೊಮ್ಮೆ ಚೀಟಿ ಬರೆದು ಶೆಟ್ಟರ ಅಂಗಡಿಗೆ ಕೊಡುತ್ತೇವೆ, ಹುಡುಗ ಮನೆಗೆ ತಂದು ಹಾಕುತ್ತಾನೆ. ಹಣ್ಣಿಗೆ ಹಾಪ್‌ಕಾಮ್ಸ್, ಬೆಳೆಗಾರರ ಸಹಕಾರ ಸಂಘದ ಮಳಿಗೆ. ತೊಗರಿಬೇಳೆ ಹೊಸ ಫಸಲು ಬಂದಾಗ ಸ್ವಲ್ಪ ಜಾಸ್ತಿ ಕೊಂಡು ಬಿಸಿಲಿಗೆ ಹಾಕಿ ಡಬ್ಬಿ ತುಂಬುವ ಅಭ್ಯಾಸ ಅತ್ತೆಗೆ ಇನ್ನೂ ಇದೆ. ಅಪಾರ್ಟ್‌ಮೆಂಟಿಗೆ ಹೋಗುವವರಿಗೆ ತಾರಸಿ ಸಿಗೋದು ಕಷ್ಟ.

ಗ್ಯಾಸು, ನೀರು, ಕರೆಂಟು ಎಲ್ಲ 2025ರಲ್ಲಿ ಏರಿದವೇ. ಸಿಲಿಂಡರ್ 50 ರೂಪಾಯಿ ಏರಿತು, ಜಲಮಂಡಳಿಯವರು 2014ರ ನಂತರ ಮೊದಲ ಸಲ ನೀರಿನ ದರ ಮುಟ್ಟಿದರು. ಅವು ನಮ್ಮ ಬಜೆಟ್ಟನ್ನು ಅಲ್ಲಾಡಿಸಿಲ್ಲ. ಟ್ಯಾಂಕರ್ ನೀರು ಕೊಳ್ಳುವ ಬಡಾವಣೆಯಾದರೆ ಮಾತು ಬೇರೆ. ಮನೆ ನೋಡುವಾಗ ಕಾವೇರಿ ನೀರು ಬರುತ್ತಾ ಅಂತ ಮೊದಲು ಕೇಳಿ, ಜಿಮ್ ಇದೆಯಾ ಅಂತ ಆಮೇಲೆ.

ಗುಂಪಿನಲ್ಲಿ ಲಂಡನ್ನಿನ ಅಕ್ಕ ಒಬ್ಬರು ಬರೆದಿದ್ದರು, ಅಲ್ಲಿ ದುಬಾರಿಯಾದರೂ ದಿನಸಿ ಬೆಲೆ ಹೀಗೆ ಕುಣಿಯಲ್ಲ ಅಂತ. ಅಕ್ಕಾ, 2023ರ ಮಾರ್ಚ್‌ನಲ್ಲಿ ನಿಮ್ಮಲ್ಲಿ ಆಹಾರದ ಹಣದುಬ್ಬರ ಶೇ 19 ದಾಟಿತ್ತಲ್ಲ, 45 ವರ್ಷಗಳಲ್ಲೇ ಜಾಸ್ತಿ. ಅಮೆರಿಕದವರೂ ಅದೇ ವರ್ಷದ ಜುಲೈ ನೆನಪು ಮಾಡಿಕೊಳ್ಳಿ. ಭಾರತ ಬಾಸ್ಮತಿ ಅಲ್ಲದ ಬಿಳಿ ಅಕ್ಕಿ ರಫ್ತು ನಿಲ್ಲಿಸಿತು ಅಂತ ಗೊತ್ತಾದ ಕೂಡಲೇ ಇಂಡಿಯನ್ ಸ್ಟೋರ್‌ಗಳ ಮುಂದೆ ಸೋನಾ ಮಸೂರಿಗೆ ಕ್ಯೂ ನಿಂತಿದ್ದು ನಮ್ಮವರೇ. ಒಬ್ಬೊಬ್ಬರ ಗ್ಯಾರೇಜಿನಲ್ಲಿ ವರ್ಷಕ್ಕಾಗುವಷ್ಟು ಮೂಟೆ. ಮರುವರ್ಷ ಸೆಪ್ಟೆಂಬರ್‌ನಲ್ಲಿ ನಿಷೇಧ ತೆಗೆದರು. ಹುಳ ಹಿಡಿದ ಅಕ್ಕಿ ಏನಾಯಿತು ಅಂತ ಯಾರೂ ಬರೆಯಲಿಲ್ಲ.

ಡಲ್ಲಾಸ್‌ನವರಿಗೆ ನೇರವಾಗಿ ಒಂದು ಮಾತು. ಮನೆ ನೋಡಲು ಏಪ್ರಿಲ್, ಮೇ ರಜೆಯಲ್ಲಿ ಬರಬೇಡಿ. ಆಗ ರಸ್ತೆ ಖಾಲಿ, ಎಲ್ಲವೂ ಹತ್ತಿರ ಅನ್ನಿಸುತ್ತದೆ. ಜೂನ್‌ನಲ್ಲಿ ಶಾಲೆ ಶುರುವಾಗಿ ಮಳೆಯೂ ಹಿಡಿದ ಮೇಲೆ ಬನ್ನಿ. ಬೆಳಿಗ್ಗೆ ಎಂಟಕ್ಕೆ ಆ ಅಪಾರ್ಟ್‌ಮೆಂಟಿನ ಗೇಟಿನಿಂದ ಶಾಲೆಯ ಗೇಟಿನವರೆಗೆ ಆಟೋದಲ್ಲಿ ಹೋಗಿ ನೋಡಿ. ಆಮೇಲೆ ಅಡ್ವಾನ್ಸ್ ಕೊಡಿ. ಆಫೀಸು ಯಾವ ಕಡೆ, ಮಕ್ಕಳು ಎಷ್ಟನೇ ಕ್ಲಾಸು ಅಂತ ಬರೆದರೆ ಮೆಟ್ರೋ ಹತ್ತಿರದ ಒಂದೆರಡು ಏರಿಯಾ ಹೇಳ್ತೀನಿ. ಮೆಟ್ರೋದ ಹಳದಿ ಮಾರ್ಗದ ಕಡೆ ಇರುವವರು ಯಾರಾದರೂ ಗುಂಪಿನಲ್ಲಿದ್ದರೆ ಅಲ್ಲಿಯ ಬಾಡಿಗೆ ಹೇಗಿದೆ ತಿಳಿಸಿ. ಹಾಂ, ಅಮೆರಿಕದ 110 ವೋಲ್ಟಿನ ಮಿಕ್ಸಿಯನ್ನು ಕಂಟೇನರಿಗೆ ತುಂಬಬೇಡಿ, ಇಲ್ಲಿ ಹಾಕಿದ ಕೂಡಲೇ ಸುಟ್ಟುಹೋಗುತ್ತದೆ.