ತಲೆಗೆ ಪೆಟ್ಟಾದ ಮೇಲೆ ತಮ್ಮ ಯಾಕೆ ಇಷ್ಟು ಕೆರಳುತ್ತಾನೆ?

ಪಿಂಪ್ರಿ ಅಕ್ಕ:
ಹಿಂಜವಡಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತಮ್ಮನ ತಲೆಗೆ ಜೋರು ಪೆಟ್ಟಾಗಿದೆ. ಐಸಿಯುನಿಂದ ವಾರ್ಡಿಗೆ ತಂದಿದ್ದಾರೆ, ಮಾತಾಡುತ್ತಾನೆ, ಆದರೆ ಮೂಗಿನ ಪೈಪು ಕಿತ್ತು ಎಸೆಯುತ್ತಾನೆ, ಮಂಚ ಇಳಿಯಲು ಒದ್ದಾಡುತ್ತಾನೆ, ನಿನ್ನೆ ಅಮ್ಮನಿಗೇ ಹೊಡೆದುಬಿಟ್ಟ. ಅಮ್ಮನ ಮುಂದೆ ದನಿ ಏರಿಸಿದವನಲ್ಲ ಅವನು. ಹುಬ್ಬಳ್ಳಿಯಿಂದ ಬಂದ ನೆಂಟರು ಸುತ್ತ ನಿಂತು "ನಾನು ಯಾರು ಹೇಳು ನೋಡೋಣ" ಅಂತಾರೆ, ಆಗಂತೂ ಇನ್ನೂ ಜಾಸ್ತಿ. ಇದು ಹೀಗೇ ಉಳಿದುಬಿಡುತ್ತದಾ?

ಠಾಣೆ, ನ್ಯೂರೋ ವಾರ್ಡ್ ನರ್ಸ್:
ಅಕ್ಕಾ, ಅವನು ಬೇಕಂತ ಮಾಡುತ್ತಿಲ್ಲ. ಸಿಟ್ಟನ್ನು ತಡೆದು ಹಿಡಿಯುವುದು ಹಣೆಯ ಹಿಂದಿನ ಮೆದುಳು, ಇಂಥ ಪೆಟ್ಟಿನಲ್ಲಿ ಹೆಚ್ಚಾಗಿ ನಲುಗುವುದೂ ಅದೇ. ಹೊಸ ನೆನಪೂ ನಿಲ್ಲುವುದಿಲ್ಲ. ಆಸ್ಪತ್ರೆ ಅಂತ ಈಗ ತಾನೇ ಹೇಳಿದ್ದು ಮರೆತಿರುತ್ತದೆ, ಗುರುತಿಲ್ಲದ ಜಾಗ, ಮೂಗಿನಲ್ಲಿ ಏನೋ ತೂರಿಸಿದ್ದಾರೆ, ಯಾರೋ ಕೈ ಹಿಡಿದಿದ್ದಾರೆ. ಯಾರಾದರೂ ಕೊಸರಾಡುತ್ತಾರೆ ಅಲ್ವಾ? ಚೇತರಿಕೆ ಅಳೆಯುವ ರಾಂಚೊ ಲಾಸ್ ಅಮಿಗೋಸ್ ಪಟ್ಟಿಯಲ್ಲಿ ಇದು 4ನೇ ಹಂತ. ಅಂದರೆ ಮೊದಲಿನ ಹಂತಗಳನ್ನು ದಾಟಿದ್ದಾನೆ. ನೆನಪು ನಿಲ್ಲುತ್ತಾ ಬಂದ ಹಾಗೆ ಹೆಚ್ಚಿನವರಲ್ಲಿ ಇದು ಇಳಿಯುತ್ತದೆ. ಕೆಲವರಲ್ಲಿ ಸಿಟ್ಟು ಸ್ವಲ್ಪ ಉಳಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಕೆರಳಿದಾಗ ಮೊದಲು ಮೈ ನೋಡಿ. ಮೂತ್ರ ಕಟ್ಟಿದೆಯಾ, ಮಲಬದ್ಧತೆಯಾ, ಜ್ವರವಾ, ಎಲ್ಲಾದರೂ ನೋವಿದೆಯಾ? ಬಾಯಿಬಿಟ್ಟು ಹೇಳಲು ಅವನಿಗೆ ಬರುವುದಿಲ್ಲ. ಕೈ ಕಟ್ಟಿದರೆ ಸಾಮಾನ್ಯವಾಗಿ ಇನ್ನೂ ಕೆರಳುತ್ತಾರೆ.

ಡೊಂಬಿವಲಿಯಿಂದ:
ನಮ್ಮ ಭಾವನಿಗೂ ಹೀಗೇ ಆಗಿತ್ತು. ದಯವಿಟ್ಟು ನೆಂಟರನ್ನು ಮನೆಯಲ್ಲೇ ಕೂರಿಸಿ, ಬೇಜಾರಾದರೆ ಆಗಲಿ. ಮಂಚದ ಹತ್ತಿರ ಒಬ್ಬರು ಸಾಕು. ಟಿವಿ, ಮೊಬೈಲ್ ಬಂದ್. ಪರೀಕ್ಷೆ ಮಾಡುವ ಹಾಗೆ ಪ್ರಶ್ನೆ ಕೇಳಬೇಡಿ, "ನಾನು ಅಕ್ಕ, ನೀನು ಆಸ್ಪತ್ರೆಯಲ್ಲಿದ್ದೀಯ" ಅಂತ ನೀವೇ ಹೇಳಿ. ಸಿಸ್ಟರ್ ಮರಾಠಿಯಲ್ಲಿ "ಹಾತ್ ಸೋಡಾ" ಅಂದರೆ ಭಾವ ಇನ್ನೂ ಬಿಗಿ ಹಿಡಿಯುತ್ತಿದ್ದರು, ಅಕ್ಕ ಮೆತ್ತಗೆ "ಕೈ ಬಿಡ್ರಿ" ಅಂದರೆ ಬಿಡುತ್ತಿದ್ದರು. ವಾದ ಮಾತ್ರ ಬೇಡ. ಮನೆಗೆ ಹೋಗಬೇಕು ಅಂದರೆ "ಹೋಗೋಣ, ಮೊದಲು ನೀರು ಕುಡಿ" ಅನ್ನಿ.

ಪುಣೆ, ರಿಹ್ಯಾಬ್ ಡಾಕ್ಟರ್:
ಫಿಟ್ಸ್ ಬರದಿರಲಿ ಅಂತ ಲೆವೆಟಿರಾಸಿಟಮ್ ಕೊಡುತ್ತಿದ್ದಾರಾ ಕೇಳಿ. ಕೆಲವರಿಗೆ ಅದರಿಂದಲೇ ಸಿಡುಕು ಬರುತ್ತದೆ. ನೀವಾಗಿ ನಿಲ್ಲಿಸಬೇಡಿ, ಬದಲಾಯಿಸಬಹುದಾ ಅಂತ ಕೇಳಿ. ನಿದ್ದೆ ಮಂಪರಿನ ಔಷಧಿ ಜಾಸ್ತಿಯಾದರೆ ಗೊಂದಲವೂ ಜಾಸ್ತಿ. ಇದ್ದಕ್ಕಿದ್ದಂತೆ ಮಂಕಾದರೆ, ವಾಂತಿಯಾದರೆ, ತಲೆನೋವು ಏರಿದರೆ, ಒಂದು ಕಡೆಯ ಕೈಕಾಲು ಸೋತರೆ ಕಾಯಬೇಡಿ. ತಲೆಯೊಳಗೆ ರಕ್ತ ಅಥವಾ ನೀರು ಸೇರುತ್ತಿರಬಹುದು, ಕೂಡಲೇ ಸಿಟಿ ಸ್ಕ್ಯಾನ್ ಬೇಕಾಗಬಹುದು.

ಪಿಂಪ್ರಿ ಅಕ್ಕ:
ಆ ಮಾತ್ರೆಯೇ ನಡೆಯುತ್ತಿದೆ, ಚೀಟಿಯಲ್ಲಿ ನೋಡಿದೆ. ಬೆಳಿಗ್ಗೆ ರೌಂಡ್ಸ್‌ನಲ್ಲಿ ಕೇಳುತ್ತೇನೆ. ನೆಂಟರ ಹತ್ತಿರ ಮಾವ ಮಾತಾಡುತ್ತಾರಂತೆ.